ಗೈಡ್ ಇದ್ದರೂ ಮೋಡ ನೋಡುವುದನ್ನು ಕಲಿಯಿರಿ

ಕೋಲಾರ ಜಿಲ್ಲೆಯ ಅಂತರಗಂಗೆ, ಆವಣಿ ಬೆಟ್ಟಗಳಿಗೆ ಗೈಡ್ ಜೊತೆ ಹೋಗುವಾಗ ಹವಾಮಾನದ ಚಿಂತೆ ಅವರದಲ್ಲವೇ ಎಂದು ಕೇಳಿದ್ದೀರಿ. ಅರ್ಧ ಮಾತ್ರ ಅವರದು. ಗುಂಪು ಉದ್ದವಾದಾಗ ಮುಂದಿರುವ ಗೈಡ್‌ಗೆ ಕಾಣದ ಮೋಡ ಹಿಂದಿರುವ ನಿಮಗೆ ಕಾಣಬಹುದು. ಬರದ ಜಿಲ್ಲೆಯಲ್ಲಿ ಎಂಥ ಮಳೆ ಎನ್ನಬೇಡಿ. ಕೋಲಾರದ ಏಪ್ರಿಲ್-ಮೇ ಮಳೆ ಬಹುಪಾಲು ಗುಡುಗು ಮಳೆಯೇ. ಬಿಸಿಲಿಗೆ ಕಾದ ಬಂಡೆಯ ಮೇಲಿನ ಗಾಳಿ ಏರುತ್ತಾ ಹೋಗಿ ಮಧ್ಯಾಹ್ನದ ಮೇಲೆ ಮಳೆಮೋಡ ಕಟ್ಟುತ್ತದೆ. ಹತ್ತಿಯುಂಡೆಯಂಥ ಮೋಡ ಅಗಲ ಬಿಟ್ಟು ಎತ್ತರಕ್ಕೆ ಬೆಳೆಯತೊಡಗಿದರೆ ಇಳಿಯುವ ಯೋಚನೆ ಮಾಡಿ. ಅದರ ನೆತ್ತಿ ಚಪ್ಪಟೆಯಾಗಿ ಹರಡಿತೋ, ಯೋಚಿಸುವ ಹೊತ್ತೂ ಮುಗಿಯಿತು. ಸೆಕೆಯ ನಡುವೆ ದಿಢೀರನೆ ತಣ್ಣನೆ ಗಾಳಿ ಬೀಸಿದರೆ ಅದು ಮಳೆಮೋಡದಿಂದಲೇ ಇಳಿದು ಬಂದದ್ದು, ಹಾಯೆನಿಸುತ್ತದೆ, ಮೋಸಹೋಗಬೇಡಿ.

ಮೊಬೈಲ್ ಮುನ್ಸೂಚನೆ ಸಾಲದೇ ಎನ್ನುವಿರಿ. ಅದು ಇಡೀ ಪ್ರದೇಶದ ಮಾತು, ನಿಮ್ಮ ಬಂಡೆಯದಲ್ಲ. ಸಿಡಿಲಿನ ಎಚ್ಚರಿಕೆ ಕೊಡುವ ‘ದಾಮಿನಿ’ ಆ್ಯಪ್ ಇಟ್ಟುಕೊಳ್ಳಿ, ಆದರೆ ಬಂಡೆಸಂದಿನಲ್ಲಿ ಸಿಗ್ನಲ್ ಕೈಕೊಡಬಹುದು. ಎಣಿಕೆಗೆ ಸಿಗ್ನಲ್ ಬೇಡ: ಮಿಂಚಿದ ಮೇಲೆ ಗುಡುಗು ಕೇಳುವವರೆಗಿನ ಪ್ರತಿ 3 ಸೆಕೆಂಡಿಗೆ ಸುಮಾರು 1 ಕಿಲೋಮೀಟರ್. 30 ಸೆಕೆಂಡಿನೊಳಗೆ ಕೇಳಿದರೆ ಸಿಡಿಲು ನಿಮ್ಮನ್ನು ಮುಟ್ಟುವಷ್ಟು ಹತ್ತಿರ. ಮೋಡ ಕಾಣದ ರಾತ್ರಿ ಚಾರಣದಲ್ಲಂತೂ ಈ ಎಣಿಕೆಯೇ ಗತಿ. ಅಂತರಗಂಗೆಯ ಗುಹೆಗಳಿವೆಯಲ್ಲ ಎಂಬ ವಾದ ಅಪಾಯದ್ದು. ಅವು ಬಂಡೆಗಳ ನಡುವಿನ ಸಂದುಗಳು. ಮಳೆ ತಡೆದಾವು, ಬಂಡೆಯಗುಂಟ ಹರಿಯುವ ವಿದ್ಯುತ್ತನ್ನು ತಡೆಯವು. ಇಳಿದು ಗಟ್ಟಿ ಕಟ್ಟಡ ಸೇರಿ, ಕೊನೆಯ ಗುಡುಗಿನ ನಂತರ 30 ನಿಮಿಷ ಅಲ್ಲೇ ಇರಿ. ಹೊರಡುವ ಮೊದಲೇ ಗೈಡ್‌ರನ್ನು ಕೇಳಿ: ಗುಡುಗಿದರೆ ಎಲ್ಲಿಂದ, ಯಾವ ದಾರಿಯಲ್ಲಿ ವಾಪಸು?