ಹಳೆಯ ಕಾರಿನ ಕಿಡಿಬೆಣೆ

ಅಂಬಾಸಡರ್ ಕಾರಿನ ತಯಾರಿಕೆ 2014ರಲ್ಲಿ ನಿಂತಿತಾದರೂ, ಅದರ 1489 ಸಿ.ಸಿ. ಪೆಟ್ರೋಲ್ ಎಂಜಿನ್ನಿನ ಹಳೆಯ ಗಾಡಿಗಳು ಇನ್ನೂ ಸಂಚರಿಸುತ್ತಿವೆ. ಅದರ ಸ್ಪಾರ್ಕ್ ಪ್ಲಗ್ಗನ್ನು ಕನ್ನಡದಲ್ಲಿ ‘ಕಿಡಿಬೆಣೆ’ ಎನ್ನಬಹುದು. ಅಂಗಡಿಯವನಿಗೆ ಮಾತ್ರ ತಿಳಿಯದು! ವಿದ್ಯಾರ್ಥಿಗಳೇ, ಹೊಸದನ್ನು ಕೊಳ್ಳುವ ಮುನ್ನ ಹಳೆಯದನ್ನು ಕಳಚಿ ನೋಡತಕ್ಕದ್ದು. ತುದಿ ಕಂದುಬೂದಾಗಿದ್ದರೆ ದಹನ ಸಮರ್ಪಕ. ಕಾಡಿಗೆಯಂತೆ ಒಣ ಮಸಿ ಕಟ್ಟಿದ್ದರೆ ಪೆಟ್ರೋಲಿನ ಪಾಲು ಹೆಚ್ಚು, ಇಲ್ಲವೇ ಪ್ಲಗ್ಗು ಶಾಖವನ್ನು ಬೇಗನೆ ಹೊರಸಾಗಿಸುವ ‘ತಣ್ಣನೆಯ’ ಜಾತಿಯದು. ಬೆಳ್ಳಗೆ ಸುಟ್ಟು ಗುಳ್ಳೆಯೆದ್ದಿದ್ದರೆ ಅತಿತಾಪದ ಲಕ್ಷಣ. ಇದನ್ನು ಉಪೇಕ್ಷಿಸಿದಲ್ಲಿ ಪಿಸ್ಟನ್ನೇ ಕರಗಿ ತೂತಾದೀತು. ತಿರುಪಿನ ಭಾಗ ಉದ್ದವಾದರೂ ಪಿಸ್ಟನ್ನಿಗೆ ತಾಗುವ ಅಪಾಯವುಂಟು. ಕಿಡಿ ಹಾರುವ ಎಡೆ 0.025 ಅಂಗುಲವಿರಬೇಕು.

ಸವೆದ ಪಾಯಿಂಟನ್ನು ಬದಲಿಸಿ, ಅದರ ಎಡೆಯನ್ನು 0.015 ಅಂಗುಲಕ್ಕೆ ಹೊಂದಿಸದೆ, ಬೆಲೆಬಾಳುವ ಇರಿಡಿಯಂ ಪ್ಲಗ್ಗು ಹಾಕಿಸುವುದು ವ್ಯರ್ಥವ್ಯಯವೆಂದೇ ನನ್ನ ಮತ. ಪಾಯಿಂಟಿನ ಸ್ಥಾನದಲ್ಲಿ ಎಲೆಕ್ಟ್ರಾನಿಕ್ ಇಗ್ನಿಷನ್ ಅಳವಡಿಸುವುದಾದರೆ ಹಣ ಸಾರ್ಥಕ. ಆದರೆ ಅನಂತರ ಟೈಮಿಂಗನ್ನು ಹೊಸದಾಗಿ ಹೊಂದಿಸತಕ್ಕದ್ದು.