ಬಾಲದ ಕಡೆಯಿಂದ ಓದು

ಪುಟ್ಟಿ,

ನಿನ್ನೆ ರಾತ್ರಿ ನಿಮ್ಮಪ್ಪ ಫೋನ್ ಮಾಡಿದ್ದ. ನರ್ಸಿಂಗ್ ಸೇರಿ ಇನ್ನೂ ಮೂರು ತಿಂಗಳಾಗಿಲ್ಲ, ಆಗಲೇ ‘ಈ ಆಪರೇಶನ್ ಹೆಸರುಗಳು ತಲೆಗೆ ಹತ್ತೋದಿಲ್ಲ, ಬಿಟ್ಟು ಬರ್ತೀನಿ’ ಅಂತಿದ್ದೀಯಂತೆ. ಬಿಡೋದಿದ್ದರೆ ಬಿಡು, ಈ ಕಾರಣಕ್ಕೆ ಮಾತ್ರ ಬೇಡ. ಮೂವತ್ತೊಂದು ವರ್ಷ ಓ.ಟಿ.ಯಲ್ಲಿ ಕತ್ತರಿ, ಇಕ್ಕಳ ಎಣಿಸಿಕೊಂಡು ನಿಂತವಳು ನಾನು. ಮೊದಲ ವರ್ಷ ನನ್ನ ಪಾಡೂ ಇದೇ. ಅವು ಇಂಗ್ಲಿಷ್ ಅಂದುಕೊಂಡು ಹೆದರಿದ್ದೆ. ಇಂಗ್ಲಿಷ್ ಅಲ್ಲ ಕಣೇ, ಗ್ರೀಕು. ಇಂಗ್ಲೆಂಡಿನ ಹುಡುಗಿಯೂ ನಿನ್ನ ಹಾಗೇ ಕೂತು ಉರು ಹೊಡೆಯಬೇಕು.

ಉರು ಹೊಡೆಯೋ ಮುಂಚೆ ಒಂದು ಕೆಲಸ ಮಾಡು. ಹೆಸರನ್ನು ಬಾಲದ ಕಡೆಯಿಂದ ಓದು. ತಲೆ ಯಾವ ಅಂಗ ಅಂತ ಹೇಳುತ್ತೆ, ಬಾಲ ಅದಕ್ಕೆ ಏನು ಮಾಡಿದರು ಅಂತ ಹೇಳುತ್ತೆ. ಗ್ರೀಕಿನಲ್ಲಿ ‘ಟೊಮೆ’ ಅಂದರೆ ಕೊಯ್ಯೋದು. ನೀನು ಹೈಸ್ಕೂಲಿನಲ್ಲಿ ಓದಿದ ‘ಆಟಂ’ ಅದರ ನೆಂಟ, ಕೊಯ್ಯಲಾಗದ್ದು ಅಂತ ಅರ್ಥ. ಹೆಸರು ಬರೀ ‘ಆಟಮಿ’ ಅಂತ ಮುಗಿದರೆ ಕೊಯ್ದು ತೆರೆದರು, ಅಷ್ಟೇ. ಅದಕ್ಕೆ ‘ಎಕ್’ ಸೇರಿ ‘ಎಕ್ಟಮಿ’ ಆಯಿತೋ, ಎಕ್ ಅಂದರೆ ಹೊರಗೆ, ಕೊಯ್ದು ಹೊರಗೆ ತೆಗೆದರು. ‘ಆಸ್ಟಮಿ’ ಅಂತ ಮುಗಿದರೆ ಅಲ್ಲಿ ಟೊಮೆಯೇ ಇಲ್ಲ, ಇರೋದು ‘ಸ್ಟೋಮ’, ಅಂದರೆ ಬಾಯಿ. ದೇಹಕ್ಕೆ ಹೊಸದೊಂದು ಬಾಯಿ ಮಾಡಿದರು.

ಇದೇನೂ ನಮಗೆ ಹೊಸದಲ್ಲ. ಸುಶ್ರುತ ಶಸ್ತ್ರಕರ್ಮವನ್ನು ಎಂಟು ಬಗೆಯಾಗಿ ಹೇಳಿದ್ದಾನೆ. ಅದರಲ್ಲಿ ಛೇದನ ಅಂದರೆ ಕತ್ತರಿಸಿ ತೆಗೆಯೋದು, ಭೇದನ ಅಂದರೆ ಸೀಳಿ ತೆರೆಯೋದು, ಸೀವನ ಅಂದರೆ ಹೊಲಿಯೋದು. ಎಕ್ಟಮಿ ಛೇದನ, ಆಟಮಿ ಭೇದನ ಅಂತ ಗುರುತು ಹಾಕಿಕೋ, ಮರೆಯೋದಿಲ್ಲ. (ಅದೇ ಎಂಟರಲ್ಲಿ ‘ಲೇಖನ’ ಅಂತಲೂ ಒಂದಿದೆ. ಕೆರೆಯೋದು ಅಂತ ಅರ್ಥ. ಪತ್ರಿಕೆಗೆ ಬರೆಯೋರಿಗೆ ಇದನ್ನು ಹೇಳಬೇಡ.)

ಕಿಡ್ನಿ ಕಲ್ಲಿನವರನ್ನು ನೀನು ಬೇಕಾದಷ್ಟು ನೋಡುತ್ತೀಯ. ಅವರ ಫಾರಂನಲ್ಲಿ ‘ನೆಫ್ರೊಲಿಥಾಟಮಿ’ ಅಂತಿರುತ್ತೆ. ನೆಫ್ರೋ ಕಿಡ್ನಿ, ಲಿಥೋ ಕಲ್ಲು, ಕೊನೆಯಲ್ಲಿ ಆಟಮಿ. ದಾರಿ ಮಾಡಿ ಕಲ್ಲು ತೆಗೀತಾರೆ, ಕಿಡ್ನಿ ಅಲ್ಲೇ ಇರುತ್ತೆ. ‘ನೆಫ್ರೆಕ್ಟಮಿ’ ಅಂತಿದ್ದರೆ ಕಿಡ್ನಿಯೇ ಹೋಯಿತು. ಪಿತ್ತಕೋಶದ ಕಲ್ಲಿನ ಲೆಕ್ಕ ಬೇರೆ. ಜನ ‘ಕಲ್ಲು ತೆಗೆಸಿಕೊಂಡು ಬಂದೆ’ ಅಂತಾರೆ, ಚೀಟಿಯಲ್ಲಿ ಇರೋದು ‘ಕೋಲಿಸಿಸ್ಟೆಕ್ಟಮಿ’. ಕೋಲೆ ಪಿತ್ತ, ಕಿಸ್ಟಿಸ್ ಚೀಲ. ಕಲ್ಲಿನ ಜೊತೆ ಚೀಲವೂ ಹೊರಗೆ. 1882ರಲ್ಲಿ ಬರ್ಲಿನ್ನಿನ ಲಾಂಗೆನ್‌ಬುಖ್ ಅನ್ನೋ ಸರ್ಜನ್ ಮೊದಲ ಸಲ ಹಾಗೆ ತೆಗೆದ. ಅದಕ್ಕೂ ಮುಂಚೆ ಚೀಲ ಕೊಯ್ದು ಕಲ್ಲು ಮಾತ್ರ ತೆಗೆಯುತ್ತಿದ್ದರು. ಚೀಲ ಉಳಿದರೆ ಮತ್ತೆ ಕಲ್ಲು ಕಟ್ಟುತ್ತೆ ಅನ್ನೋದು ಅವನ ವಾದ. ಬಾಲ ಬದಲಾದದ್ದಕ್ಕೆ ಹೀಗೆ ಒಂದೊಂದು ಕಾರಣವೂ ಇರುತ್ತೆ.

ಈಗ ನನ್ನದೇ ಒಂದು ತಪ್ಪು ಹೇಳುತ್ತೇನೆ. ಯಾವ ಆಸ್ಪತ್ರೆ ಅಂತ ಕೇಳಬೇಡ. ದೊಡ್ಡ ಕರುಳಿನಲ್ಲಿ ಗಡ್ಡೆ ಇದ್ದ ಒಬ್ಬ ರೈತ. ಜೊತೆಗೆ ಬಂದಿದ್ದ ಅವನ ತಾಯಿ ‘ಕೊಲೆಕ್ಟಮಿ’ ಅನ್ನೋ ಮಾತು ಕಿವಿಗೆ ಬಿದ್ದದ್ದೇ ‘ಅಯ್ಯೋ, ಕೊಲೆ ಅಂತಾರಲ್ರವ್ವಾ’ ಅಂತ ನನ್ನ ಕೈ ಹಿಡಿದುಕೊಂಡರು. ನಾನು ನಕ್ಕು, ‘ಕೊಲೆ ಅಲ್ಲಜ್ಜಿ, ಕೆಟ್ಟ ಕರುಳು ತೆಗೀತಾರೆ’ ಅಂದೆ. ಸರಿಯಾಗೇ ಹೇಳಿದ್ದೆ. ಆದರೆ ಫಾರಂನಲ್ಲಿ ಅದರ ಪಕ್ಕದಲ್ಲೇ ‘ಕೊಲೊಸ್ಟಮಿ’ ಅಂತಲೂ ಇತ್ತು. ಅದನ್ನು ಡಾಕ್ಟರು ಹೇಳಿರುತ್ತಾರೆ ಅಂತ ನಾನು ಸುಮ್ಮನಾದೆ, ವಾರ್ಡಿನವರು ಹೇಳಿರುತ್ತಾರೆ ಅಂತ ಡಾಕ್ಟರು ಸುಮ್ಮನಾದರು. ಮಾರನೆಯ ದಿನ ಆತ ಹೊದಿಕೆ ಸರಿಸಿ ನೋಡಿದರೆ ಹೊಟ್ಟೆಯ ಎಡಗಡೆ ಕೆಂಪಗೆ ಕರುಳಿನ ಬಾಯಿ, ಅದಕ್ಕೆ ಅಂಟಿಸಿದ ಚೀಲ, ಚೀಲದಲ್ಲಿ ಮಲ. ಎರಡು ದಿನ ಯಾರ ಜೊತೆಗೂ ಮಾತಾಡಲಿಲ್ಲ. ಮೂರನೆಯ ದಿನ ನನ್ನನ್ನು ಕೇಳಿದ್ದು ಒಂದೇ: ‘ಸಿಸ್ಟರ್, ನಿಮಗೆ ಮೊದಲೇ ಗೊತ್ತಿತ್ತಾ?’

ಗೊತ್ತಿತ್ತು. ಪರೀಕ್ಷೆಗೆ ಉರು ಹೊಡೆದದ್ದು ಸರಿಯಾಗೇ ನೆನಪಿತ್ತು. ಅದಕ್ಕೇ ಹೇಳೋದು, ಬಾಲದ ಅರ್ಥವನ್ನು ನಿನ್ನ ನೋಟ್‌ಬುಕ್ಕಿನಲ್ಲಿ ಇಟ್ಟುಕೊಂಡರೆ ಸಾಲದು. ಕಾಯಿಲೆಯವರು ಸಹಿ ಹಾಕೋ ಮುಂಚೆ ಅವರ ಭಾಷೆಯಲ್ಲಿ ಅವರ ಕಿವಿಗೆ ಬೀಳಬೇಕು. ವಿವರಿಸಿ ಹೇಳೋದು ಡಾಕ್ಟರ ಕೆಲಸವೇ. ಅವರು ಹೇಳಿದ್ದಾರೋ ಇಲ್ಲವೋ ಅಂತ ಕೇಳೋದು ನಿನ್ನ ಕೆಲಸ.

ಹೆಂಗಸರ ವಾರ್ಡಿನಲ್ಲಿ ಇನ್ನೂ ಹುಷಾರು. ‘ಮಯೋಮೆಕ್ಟಮಿ’ಯೂ ಎಕ್ಟಮಿಯೇ, ‘ಹಿಸ್ಟರೆಕ್ಟಮಿ’ಯೂ ಎಕ್ಟಮಿಯೇ. ಮೊದಲನೆಯದರಲ್ಲಿ ಗಡ್ಡೆ ಮಾತ್ರ ಹೊರಗೆ, ಗರ್ಭಕೋಶ ಉಳಿಯುತ್ತೆ. ಎರಡನೆಯದರಲ್ಲಿ ಗರ್ಭಕೋಶವೇ ಇಲ್ಲ. ಅಲ್ಲಿ ಬಾಲದ ಜೊತೆ ತಲೆಯನ್ನೂ ಓದು. ಇನ್ನೂ ಉದ್ದಕ್ಕೆ ‘ಸಾಲ್ಪಿಂಗೋ-ಊಫೊರೆಕ್ಟಮಿ’ ಅಂತ ಸೇರಿಸಿದ್ದರೆ ಅಂಡನಾಳ, ಅಂಡಾಶಯವೂ ಹೋದವು. ಸಾಲ್ಪಿಂಕ್ಸ್ ಅಂದರೆ ಗ್ರೀಕಿನಲ್ಲಿ ಕಹಳೆ. ಚಿತ್ರದಲ್ಲಿ ಅಂಡನಾಳ ನೋಡು, ತುದಿ ಅಗಲವಾಗಿ ಕಹಳೆಯ ಹಾಗೇ ಇದೆ. ಎರಡೂ ಅಂಡಾಶಯ ತೆಗೆದರೆ ಮುಟ್ಟು ನಿಲ್ಲೋ ವಯಸ್ಸಿನ ತೊಂದರೆಗಳೆಲ್ಲ ಮೂವತ್ತೈದಕ್ಕೇ ಬಂದು ಕೂರಬಹುದು. ಆ ಒಂದು ಪದ ಫಾರಂನಲ್ಲಿ ಯಾಕಿದೆ ಅಂತ ಕೇಳೋ ಹಕ್ಕು ಆಕೆಗಿದೆ.

ಬಾಲ ಒಮ್ಮೊಮ್ಮೆ ಸುಳ್ಳೂ ಹೇಳುತ್ತೆ. ಗಂಡಸರ ‘ವ್ಯಾಸೆಕ್ಟಮಿ’ಯಲ್ಲಿ ನಾಳದ ಒಂದು ಸಣ್ಣ ತುಂಡು ಹೋಗೋದೇ ಹೊರತು ಅಂಗ ಹೋಗೋದಿಲ್ಲ. ಅದೇನೋ ದೊಡ್ಡದು ಕಳಕೊಳ್ಳುತ್ತೇವೆ ಅಂತ ಹೆದರಿ ಹೆಂಡತಿಯರನ್ನು ಮುಂದೆ ತಳ್ಳಿದ ಗಂಡಸರನ್ನು ಲೆಕ್ಕ ಇಟ್ಟಿಲ್ಲ ನಾನು. ಇನ್ನು 1809ರಲ್ಲಿ ಅಮೆರಿಕದ ಕೆಂಟಕಿಯಲ್ಲಿ ಮ್ಯಾಕ್‌ಡವೆಲ್ ಅನ್ನೋ ಡಾಕ್ಟರು ಅರಿವಳಿಕೆ ಇಲ್ಲದ ಕಾಲದಲ್ಲಿ ಒಬ್ಬಾಕೆಯ ಅಂಡಾಶಯದ ಗಡ್ಡೆ ತೆಗೆದರು. ಗಡ್ಡೆ ಸುಮಾರು ಹತ್ತು ಕಿಲೋ ಇತ್ತಂತೆ! ಅಷ್ಟನ್ನು ಹೊರಗೆ ತೆಗೆದರೂ ಅದಕ್ಕೆ ಬಂದ ಹೆಸರು ‘ಓವರಿಯಾಟಮಿ’. ಹಳೇ ಪುಸ್ತಕದಲ್ಲಿ ಇಂಥದ್ದು ಸಿಕ್ಕರೆ ತಲೆ ಕೆಡಿಸಿಕೊಳ್ಳಬೇಡ.

ತಲೆಯ ಆಪರೇಶನ್ ಮಾತ್ರ ಮರೆಯಬೇಡ. ‘ಕ್ರೇನಿಯಾಟಮಿ’ ಆದರೆ ಬುರುಡೆಯ ಮೂಳೆ ಬಿಚ್ಚಿ ಮತ್ತೆ ಅಲ್ಲೇ ಕೂರಿಸಿರುತ್ತಾರೆ. ‘ಕ್ರೇನಿಯೆಕ್ಟಮಿ’ ಆದರೆ ಮೂಳೆ ಅಲ್ಲಿಲ್ಲ, ಚರ್ಮದ ಕೆಳಗೇ ಮಿದುಳಿನ ಪೊರೆ. ಬ್ಯಾಂಡೇಜಿನ ಮೇಲೆ ದಪ್ಪ ಅಕ್ಷರದಲ್ಲಿ ‘ಮೂಳೆ ಇಲ್ಲ’ ಅಂತ ಬರೆದಿರುತ್ತಾರೆ. ಬರೆದಿಲ್ಲದಿದ್ದರೆ ನೀನೇ ಕೇಳಿ ಬರೆಸು. ರಾತ್ರಿ ಡ್ಯೂಟಿಯಲ್ಲಿ ಆ ಮಗ್ಗುಲಿಗೆ ಮಲಗಿಸಿಬಿಟ್ಟೀಯ.

ಭಾನುವಾರ ಹತ್ತು ಹೆಸರು ಬರೆದು ವಾಟ್ಸಾಪ್ ಮಾಡು, ಬಾಲಕ್ಕೆಲ್ಲ ಗೆರೆ ಎಳೆದಿರಬೇಕು. ಅದರಲ್ಲಿ ‘ಟಾನ್ಸಿಲೆಕ್ಟಮಿ’ಯೂ ಇರಲಿ. ನಿಮ್ಮಪ್ಪನಿಗೆ ಆರನೇ ಕ್ಲಾಸಿನಲ್ಲಿ ಆಗಿತ್ತು. ಕೇಳಿ ನೋಡು, ಹೆಸರು ಗೊತ್ತಿರೋದಿಲ್ಲ, ಆಮೇಲೆ ಕೊಡಿಸಿದ ಐಸ್‌ಕ್ರೀಂ ಯಾವುದು ಅಂತ ಮಾತ್ರ ಹೇಳುತ್ತಾನೆ.

ನಿನ್ನ ಅತ್ತೆ