ಹಾಲೆಂಡಿನವರ ನಿತ್ಯವಾಹನ

ಪರದೇಶದಲ್ಲಿ ನೆಲಸುವವನು ಅಲ್ಲಿಯ ನುಡಿಯನ್ನು ಕಲಿಯುವಂತೆಯೇ ಅಲ್ಲಿಯ ಸಂಚಾರದ ರೀತಿಯನ್ನೂ ಕಲಿಯಬೇಕಾಗುತ್ತದೆ. ಇದಕ್ಕೆ ಉದಾಹರಣೆಯಾಗಿ, ರೂಢಿಯಲ್ಲಿ ಹಾಲೆಂಡ್ ಎಂದು ಕರೆಯಲಾಗುವ ನೆದರ್‌ಲ್ಯಾಂಡ್ಸ್ ದೇಶವನ್ನು ತೆಗೆದುಕೊಳ್ಳೋಣ. ಅಲ್ಲಿಯ ಜನಸಂಖ್ಯೆ ಸುಮಾರು 1.8 ಕೋಟಿ, ಸೈಕಲ್ಲುಗಳ ಸಂಖ್ಯೆಯಾದರೋ ಅದಕ್ಕೂ ಹೆಚ್ಚು. 2010ರಿಂದ 2024ರವರೆಗೆ ಪ್ರಧಾನಿಯಾಗಿದ್ದ ಮಾರ್ಕ್ ರುಟ್ಟೆಯವರು ಕಚೇರಿಗೆ ಸೈಕಲ್ಲಿನಲ್ಲಿ ಹೋಗುತ್ತಿದ್ದುದು ಪ್ರಸಿದ್ಧವೇ ಆಗಿದೆ.

ನೆಲವು ಬಹುಮಟ್ಟಿಗೆ ಸಮತಟ್ಟಾಗಿರುವುದು ಇದಕ್ಕೊಂದು ಕಾರಣ. ಆದರೆ ಅದೊಂದೇ ಅಲ್ಲ. ಎರಡನೆಯ ಮಹಾಯುದ್ಧದ ತರುವಾಯ ಅಲ್ಲಿಯೂ ಮೋಟಾರುಗಳು ಬೀದಿಗಳನ್ನು ಆಕ್ರಮಿಸಿದವು. 1971ರ ಒಂದೇ ವರ್ಷದಲ್ಲಿ ರಸ್ತೆಯ ಅಪಘಾತಗಳಲ್ಲಿ 3,000ಕ್ಕೂ ಹೆಚ್ಚು ಜನರು ಮಡಿದರು. ಅವರಲ್ಲಿ 400ಕ್ಕೂ ಹೆಚ್ಚು ಮಂದಿ ಮಕ್ಕಳು! ಮಗಳನ್ನು ಕಳೆದುಕೊಂಡ ಪತ್ರಕರ್ತ ವಿಕ್ ಲಾಂಗೆನ್‌ಹೋಫರು 1972ರಲ್ಲಿ ‘ಮಕ್ಕಳ ಕೊಲೆಯನ್ನು ನಿಲ್ಲಿಸಿರಿ’ ಎಂಬರ್ಥದ ಲೇಖನವನ್ನು ಬರೆದರು. ತಾಯಿತಂದೆಗಳು ಬೀದಿಗಿಳಿದು ಮಕ್ಕಳಿಗೆ ನಿರ್ಭಯವಾದ ದಾರಿಯನ್ನು ಬೇಡಿದರು. 1973ರಲ್ಲಿ ತೈಲದ ಅಭಾವವುಂಟಾಗಲು, ಸರಕಾರವು ಕೆಲವು ಭಾನುವಾರಗಳಂದು ಮೋಟಾರು ಸಂಚಾರವನ್ನೇ ನಿಷೇಧಿಸಿತು. ಕ್ರಮೇಣ ಸೈಕಲ್ಲುಗಳಿಗೆಂದೇ ಪ್ರತ್ಯೇಕವಾದ ಹಾದಿಗಳು ನಿರ್ಮಾಣವಾದವು. ಹಲವೆಡೆಗಳಲ್ಲಿ ಇವು ಕೆಂಬಣ್ಣದವು.

ಹೊಸದಾಗಿ ಹೋದವನು ತಿಳಿದಿರಬೇಕಾದ ನಿಯಮಗಳು ಕೆಲವುಂಟು. ನಮ್ಮಲ್ಲಿ ಎಡಮಗ್ಗುಲಾದರೆ ಅಲ್ಲಿ ಬಲಮಗ್ಗುಲಿನ ಸಂಚಾರ. ತಿರುಗುವಾಗ ಕೈ ಚಾಚಿ ಸೂಚಿಸಬೇಕು. ಕತ್ತಲಾದ ಮೇಲೆ ಮುಂದೆ ಬಿಳಿಯ ಅಥವಾ ಹಳದಿಯ ದೀಪ, ಹಿಂದೆ ಕೆಂಪು ದೀಪ ಇರಲೇಬೇಕು. ರಸ್ತೆಯ ಮೇಲೆ ಬರೆದ ಬಿಳಿಯ ತ್ರಿಕೋನಗಳ ತುದಿ ನಮ್ಮ ಕಡೆಗಿದ್ದರೆ ನಾವು ಅನ್ಯರಿಗೆ ದಾರಿ ಬಿಡಬೇಕು. ಟ್ರಾಮಿನ ಹಳಿಗಳನ್ನು ಅಡ್ಡಲಾಗಿ ದಾಟದಿದ್ದರೆ ಚಕ್ರವು ಸಿಕ್ಕಿಕೊಳ್ಳುವುದು. ಕೈಯಲ್ಲಿ ಮೊಬೈಲು ಹಿಡಿದು ಸವಾರಿ ಮಾಡುವುದು 2019ರಿಂದ ದಂಡಾರ್ಹವಾಗಿದೆ. ಈ ನಿಯಮಗಳಲ್ಲಿ ಪ್ರಾಥಮಿಕ ಶಾಲೆಯ ಮೇಲಿನ ತರಗತಿಯ ಮಕ್ಕಳಿಗೆ ಲಿಖಿತ ಪರೀಕ್ಷೆಯೂ ಬೀದಿಯಲ್ಲಿ ಸವಾರಿಯ ಪರೀಕ್ಷೆಯೂ ನಡೆಯುತ್ತವೆ.

ದೂರದ ಪ್ರಯಾಣಕ್ಕೆ ಸೈಕಲ್ಲೂ ರೈಲೂ ಜೊತೆಗೂಡುತ್ತವೆ. ಜನರು ನಿಲ್ದಾಣದವರೆಗೆ ಸೈಕಲ್ಲಿನಲ್ಲಿ ಬಂದು, ಅದನ್ನು ಅಲ್ಲಿಯೇ ಬಿಟ್ಟು ರೈಲನ್ನೇರುವರು. ಉಟ್ರೆಕ್ಟ್ ನಿಲ್ದಾಣದಲ್ಲಿ 2019ರಲ್ಲಿ ಪೂರ್ಣಗೊಂಡ ತಂಗುದಾಣವೊಂದರಲ್ಲಿ ಸುಮಾರು 12,500 ಸೈಕಲ್ಲುಗಳಿಗೆ ಸ್ಥಳವಿದೆ. ರೈಲನ್ನೇರುವಾಗ ಯಂತ್ರಕ್ಕೆ ಕಾರ್ಡನ್ನು ತಾಗಿಸಿದವನು ಇಳಿದ ಮೇಲೆಯೂ ತಾಗಿಸಬೇಕು. ಮರೆತರೆ ಹೆಚ್ಚಿನ ಹಣ ತೆರಬೇಕಾದೀತು.

ವಿದ್ಯಾರ್ಥಿಗಳೇ, ನಿಮ್ಮಲ್ಲಿ ಹಲವರು ಮುಂದೆ ದೂರದೇಶಗಳಿಗೆ ಹೋಗಬಹುದು. ಹೋದೆಡೆಯ ನಿಯಮವನ್ನು ಮೊದಲು ಕಲಿಯಿರಿ. ಪಾಲಕರಲ್ಲಿ ನಮ್ಮ ವಿಜ್ಞಾಪನೆಯೊಂದುಂಟು: ಹಾಲೆಂಡಿನ ದಾರಿಗಳು ತಾವಾಗಿಯೇ ಸುರಕ್ಷಿತವಾಗಲಿಲ್ಲ, ತಾಯಿತಂದೆಗಳು ಒಗ್ಗೂಡಿ ಕೇಳಿದ್ದರಿಂದಲೇ ಆದವು. ನಮ್ಮ ಮಕ್ಕಳು ನಡೆದುಬರುವ ದಾರಿಯ ವಿಷಯದಲ್ಲಿಯೂ ನಾವೆಲ್ಲರೂ ಕೂಡಿ ಯೋಚಿಸುವುದು ಉಚಿತವಲ್ಲವೇ?